ಯಂತ್ರ ಬಂತು, ಹಿಂದ ಅಂಗಡಿ ಬಂತು

ನಮ್ಮದು ಜತ್ತ ತಾಲೂಕಿನ ಒಣಬೇಸಾಯದ ಊರು. ನಾನು ಕಲಿತದ್ದು ಕನ್ನಡ ಸಾಲಿಯೊಳಗ ಏಳನೇ ಇಯತ್ತೆ ತನಕ. ಹಗಲು ಹೊಲ, ರಾತ್ರಿ ಗೀಗೀ ಮೇಳ, ಇದರಾಗ ಅರವತ್ತು ದಾಟಿದೆ. ಇವೆರಡರ ನಡುವ ಇನ್ನೊಂದು ಹುಚ್ಚು ಸಣ್ಣಂದಿನಿಂದ ಬೆನ್ನು ಹತ್ತೈತಿ, ಅದು ಯಂತ್ರದ ಹುಚ್ಚು. ರೇಡಿಯೋ ಬಿಚ್ಚಿ ನೋಡೀನಿ, ಟೇಪ್ ರಿಕಾರ್ಡರಿನ ಹೆಡ್ಡು ಒರೆಸೀನಿ, ಬಾವಿ ಮೋಟಾರು ಬಿಚ್ಚಿ ಮತ್ತ ಕಟ್ಟೀನಿ. ಹಾಡುವವನಿಗೆ ಯಂತ್ರದ ಗೊಡವೆ ಯಾಕ ಅಂತ ಕೇಳವರು ಇದ್ದಾರ. ಹಳೇ ಪದ ಹಾಡೋ ಮನುಷ್ಯ ಹೊಸದನ್ನೆಲ್ಲ ಬೈಬೇಕು ಅಂತ ಅವರ ಲೆಕ್ಕ. ನಾನು ಬೈಯೋದಿಲ್ಲ. ಆದರ ಯಂತ್ರ ಊರಿಗೆ ಬಂದ ಕೂಡಲೇ ಅದರ ಹಿಂದ ಒಂದು ಅಂಗಡೀನೂ ಬರ್ತದ. ಆ ಅಂಗಡಿ ಬಗ್ಗೆ ನಾಲ್ಕು ಮಾತು ಹೇಳೋದೈತಿ.

1975ನೇ ಇಸವಿಯ ಮಾತು. ಅಮೆರಿಕಾದವರ ಎಟಿಎಸ್-6 ಅನ್ನೋ ಉಪಗ್ರಹ ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕೆ ಕಡ ಬಂದಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸರಕಾರದವರು ಟಿ.ವಿ. ಇಟ್ಟರು. ಕರ್ನಾಟಕದಾಗ ವಿಜಾಪುರ, ಕಲಬುರ್ಗಿ, ರಾಯಚೂರ ಜಿಲ್ಲೆಗಳಿಗೆ ಬಂತು. ಮಹಾರಾಷ್ಟ್ರ ಆ ಆರರಾಗ ಇರಲಿಲ್ಲ. ಗಡಿ ಅಂದರ ಏನಂತ ನನಗ ತಿಳಿದದ್ದು ಆವಾಗ! ಆಕಾಶದಿಂದ ಬರೋ ಕನ್ನಡ ವಿಜಾಪುರ ಜಿಲ್ಲೆಯ ನಮ್ಮ ಸೋದರಮಾವನ ಊರಿಗೆ ಇಳೀತಿತ್ತು, ನಮ್ಮೂರಿಗೆ ಇಳೀತಿರಲಿಲ್ಲ. ರೊಟ್ಟಿ ಬುತ್ತಿ ಕಟ್ಟಿಕೊಂಡು ನಡಕೋತ ಹೋದೆ. ಹತ್ತು ಫೂಟು ಅಗಲದ ಬುಟ್ಟಿಯಂಥ ಒಂದು ವಸ್ತು ಆಕಾಶಕ್ಕ ಮುಖ ಮಾಡಿ ನಿಂತಿತ್ತು. ಹತ್ತಿರ ಹೋಗಿ ನೋಡಿದರ ಕೋಳಿಗೂಡಿಗೆ ಹೊಡಿಯೋ ತಂತಿ ಜಾಳಿಗಿ. ಅಹಮದಾಬಾದಿನ ನಮ್ಮ ಇಂಜಿನಿಯರುಗಳು ಅಷ್ಟು ಅಗ್ಗದ ಸಾಮಾನಿನಾಗ ಉಪಗ್ರಹದ ಮಾತು ಹಿಡಿದಿದ್ದರು. ಸಂಜಿಗೆ ಇಡೀ ಊರು ಅದರ ಮುಂದ ಕುಂತಿತ್ತು. ಬಿತ್ತಿಗಿ ಬಗ್ಗೆ ಒಬ್ಬರು ಹೇಳಾಕತ್ತಿದ್ದರು. ನಮ್ಮ ಮಾವನ ತಂದಿ, ಮುತ್ತ್ಯಾ, ಅಂದ: "ಅಷ್ಟು ಎತ್ತರದಿಂದ ಒದರಿದರ ಅವನ ಗಂಟಲ ಒಣಗಂಗಿಲ್ಲೇನೋ?" ನಾನು ನಗಲಿಲ್ಲ. ನನಗೂ ಹಂಗ ಅನಿಸಿತ್ತು.

1976ರ ಜುಲೈ 31ಕ್ಕೆ ಕರಾರು ಮುಗೀತು. ಅಮೆರಿಕಾದವರು ಉಪಗ್ರಹವನ್ನು ತಮ್ಮ ಕಡೆ ಸರಿಸಿಕೊಂಡರು. ಮುಂದ ಮಾವನ ಊರಿಗೆ ಹೋದಾಗ ಡಬ್ಬಿ ಇತ್ತು, ಜಾಳಿಗಿ ಇತ್ತು, ಮಾತಾಡವ ಇರಲಿಲ್ಲ. ಕೊಟ್ಟವರು ಹೇಳೇ ಕೊಟ್ಟಿದ್ದರು, ಒಂದು ವರ್ಷ ಅಂತ, ಅದರಾಗ ಮೋಸ ಏನಿಲ್ಲ. ಆ ವರ್ಷದ ಅನುಭವ ನಮ್ಮವರಿಗೆ ಭಾಳ ಕಲಿಸಿತು. 1983ರಾಗ ನಮ್ಮ ದೇಶದ್ದೇ ಇನ್ಸಾಟ್-1ಬಿ ಮ್ಯಾಲ ಹೋಯಿತು. ಆದರ ಹದಿನೇಳರ ಹುಡುಗನ ತಲಿಯೊಳಗ ಒಂದು ಮಾತು ಕುಂತುಬಿಟ್ಟಿತು. ಪೆಟ್ಟಿಗಿ ನಮ್ಮ ಚಾವಡಿಯೊಳಗ ಇದ್ದರೂ ಅದರ ಗುಂಡಿ ಬ್ಯಾರೆ ಯಾರದೋ ಕೈಯಾಗ ಇರಬಹುದು.

ಆಮ್ಯಾಲ ಎಷ್ಟೋ ವರ್ಷಕ್ಕೆ ನಮ್ಮ ಸಾಲಿ ಮಾಸ್ತರರೊಬ್ಬರು ಆರ್ಥರ್ ಸಿ. ಕ್ಲಾರ್ಕ್ ಅನ್ನೋರ ಕಥಿ ಹೇಳಿದರು. ಇಂಗ್ಲೆಂಡಿನವರು, ವೈಜ್ಞಾನಿಕ ಕಥೆ ಬರೀತಿದ್ದವರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ ಎತ್ತರದಾಗ ಒಂದು ನಿಲ್ದಾಣ ಇಟ್ಟರ ಅದು ಭೂಮಿ ತಿರುಗಿದಂಗ ತಾನೂ ತಿರುಗತದ, ನೋಡೋರಿಗೆ ನಿಂತಲ್ಲೇ ನಿಂತಂಗ ಕಾಣತದ, ಅಂಥವು ಮೂರು ಇಟ್ಟರ ಜಗತ್ತಿಗೆಲ್ಲ ಮಾತು ಮುಟ್ಟಸಬಹುದು ಅಂತ ಅವರು 1945ರಾಗ ಒಂದು ರೇಡಿಯೋ ಪತ್ರಿಕೆಗೆ ಬರೆದಿದ್ದರಂತ. ಆವಾಗ ಒಂದು ಉಪಗ್ರಹಾನೂ ಮ್ಯಾಲ ಹೋಗಿರಲಿಲ್ಲ. ಅದಕ್ಕ ಅವರು ಪೇಟೆಂಟೂ ಮಾಡಿಸಲಿಲ್ಲ, ಮುಂದ ಅದನ್ನ ನೆನೆಸಿಕೊಂಡು ತಾವೇ ಚಾಷ್ಟಿ ಮಾಡಿ ಬರೆದರು. 1975ರಾಗ ಅವರು ಕೊಲಂಬೋದಾಗ ಇದ್ದರು. ನಮ್ಮ ಇಂಜಿನಿಯರುಗಳು ಅಲ್ಲಿ ಅವರ ಮನಿಗೇ ಡಿಶ್ ಕೂಡಿಸಿಕೊಟ್ಟರು. ಮಾವನ ಊರಿನ ಮುತ್ತ್ಯಾ ನೋಡಿದ ಅದೇ ಎಟಿಎಸ್-6ರ ಚಿತ್ರವನ್ನು ಅದನ್ನು ಮೊದಲು ಬರೆದವರೂ ನೋಡಿದರು. ಈ ಮಾತು ಕೇಳಿದ ರಾತ್ರಿ ನನಗ ನಿದ್ದಿ ಬರಲಿಲ್ಲ.

ಒಂದು ಕಡೆ ಮಾತ್ರ ಕ್ಲಾರ್ಕರ ಲೆಕ್ಕ ತಪ್ಪಿತ್ತು. ಮ್ಯಾಲಿನ ನಿಲ್ದಾಣದಾಗ ಮನುಷ್ಯರು ಇರಬೇಕಾಗತದ, ಸುಟ್ಟ ವಾಲ್ವು ಬದಲಿ ಮಾಡಲಿಕ್ಕೆ ಅಂತ ಅವರು ತಿಳಿದಿದ್ದರು. ಟ್ರಾನ್ಸಿಸ್ಟರು ಬಂದು ಆ ಕೆಲಸಾನ ಇಲ್ಲದಂಗ ಮಾಡಿತು. ಅಂಥಾ ದೊಡ್ಡ ತಲಿಗೂ ಮುಂದಿನ ಯಂತ್ರ ಕಂಡಿತು, ಆ ಯಂತ್ರದ ಸುತ್ತಲಿನ ಕೆಲಸಗಾರ, ಪಗಾರ, ದುಕಾನ ನೆಟ್ಟಗ ಕಾಣಲಿಲ್ಲ. ನಾನು ಓದಿದ ಬಾಳಷ್ಟು ವೈಜ್ಞಾನಿಕ ಕಥಿಗಳು ಹಿಂಗ. ವಿಮಾನ ಹೆಂಗ ಹಾರತದ ಹೇಳತಾವ, ಟಿಕೀಟು ಯಾರು ಹರೀತಾರ ಹೇಳಂಗಿಲ್ಲ.

ಹಂಗಂತ ಓದೋದು ಬಿಟ್ಟಿಲ್ಲ. ಮರಾಠಿ ನಮಗ ಬರತದ, ಜಯಂತ ನಾರಳೀಕರರ ಕಥಿ ಮರಾಠಿಯಾಗ ಓದೀನಿ. ಕೊಲ್ಹಾಪುರದಾಗ ಹುಟ್ಟಿ ದೊಡ್ಡ ಖಗೋಳ ವಿಜ್ಞಾನಿ ಆದವರು, ಕಥಾ ಸ್ಪರ್ಧೆಗೆ ಬ್ಯಾರೆ ಹೆಸರಿನಿಂದ ಕಥಿ ಕಳಿಸಿ ಬಹುಮಾನ ತಗೊಂಡವರು. ಅಕ್ಷರಾನೂ ಗುರುತು ಸಿಗಬಾರದು ಅಂತ ಹೆಂಡತಿ ಕೈಲೆ ಬರೆಸಿದ್ದರಂತ. ಹೆಸರಿನ ಬಲದ ಮ್ಯಾಲ ಗೆಲ್ಲಬಾರದು ಅನ್ನೋ ಆ ಗುಣ ನಮ್ಮ ಹಾಡಕಿಯವರೊಳಗೂ ನಾಲ್ಕು ಮಂದಿಗೆ ಬಂದರ ಚಲೋ ಇತ್ತು. ಕನ್ನಡದಾಗ ರಾಜಶೇಖರ ಭೂಸನೂರಮಠರ ಕಥಿ ಮಾಸ್ತರರು ಓದಲಿಕ್ಕೆ ಕೊಟ್ಟರು.

ದುಕಾನವನ್ನೂ ಕಂಡ ಒಬ್ಬ ಲೇಖಕ ಇದ್ದಾನ. ಚೆಕ್ ದೇಶದ ಕಾರೆಲ್ ಚಾಪೆಕ್, ನಾಟಕ 'ಆರ್.ಯು.ಆರ್.', 1920ರದು. ರೋಬೋಟ್ ಅನ್ನೋ ಶಬ್ದ ಜಗತ್ತಿಗೆ ಹೋದದ್ದು ಅದೇ ನಾಟಕದಿಂದ. ಅವರ ಭಾಷೆಯೊಳಗ ಆ ಶಬ್ದದ ಮೂಲಕ್ಕ ಬಿಟ್ಟಿ ಚಾಕರಿ ಅಂತ ಅರ್ಥ. ಗೌಡರ ಹೊಲದಾಗ ಹಿಂದಕ ಮಾಡತಿದ್ದರಲ್ಲ, ಅದೇ. ನಾಟಕದಾಗ ಒಂದು ಕಾರಖಾನಿ ಮನುಷ್ಯರಂಥ ಆಳು ತಯಾರು ಮಾಡಿ ಅಗ್ಗದಾಗ ಮಾರತದ. ಕಡೀಕ ಆಳುಗಳೇ ತಿರುಗಿ ಬಿದ್ದು ಮನುಷ್ಯರನ್ನು ಮುಗಸತಾವ. ಒಬ್ಬನ್ನ ಉಳಸತಾವ. ಯಾಕಂದರ ಅವನೂ ತಮ್ಮಂಗ ಕೈಲೆ ದುಡಿಯಾವ ಅಂತ. ಇದನ್ನ ನಮ್ಮ ಕಟ್ಟಿ ಮ್ಯಾಲ ಹೇಳಿದಾಗ ಕೂಲಿಗೆ ಹೋಗೋ ಒಬ್ಬಾಕಿ ಅಂದಳು: "ಹಂಗಾರ ನಮ್ಮೂರಾಗ ಎಷ್ಟು ಮಂದಿ ಉಳದಾರು, ಎಣಸ್ರಿ ನೋಡೋಣು."

ಈಗ ಕ್ಯಾಸೆಟ್ಟಿನ ಮಾತಿಗೆ ಬರತೀನಿ, ಅದು ನನ್ನ ಹೊಟ್ಟಿಗೆ ಹತ್ತಿದ ಮಾತು. ಕ್ಯಾಸೆಟ್ಟನ್ನು 1963ರಾಗ ಹೊರಗ ತಂದದ್ದು ಫಿಲಿಪ್ಸ್ ಕಂಪನಿ. ಲೂ ಒಟೆನ್ಸ್ ಅನ್ನೋ ಇಂಜಿನಿಯರು ಕಿಸೆಯೊಳಗ ಹಿಡಿಯೋವಂಥ ಕಟ್ಟಿಗಿ ತುಂಡು ಇಟಗೊಂಡು, ಯಂತ್ರ ಇಷ್ಟೇ ಇರಬೇಕು ಅಂತ ಅಳತಿ ಗೊತ್ತು ಮಾಡಿದರಂತ. ಮುಂದ ಫಿಲಿಪ್ಸಿನವರು ಆ ನಮೂನೆಯನ್ನು ಬ್ಯಾರೆ ಕಂಪನಿಗಳಿಗೂ ರೊಕ್ಕ ತಗೊಳ್ಳದ ಬಳಸಲಿಕ್ಕೆ ಕೊಟ್ಟರು. ಅದಕ್ಕ ಯಾವ ಕಂಪನಿ ಕ್ಯಾಸೆಟ್ಟಾದರೂ ಯಾವ ಕಂಪನಿ ಟೇಪಿನಾಗಾದರೂ ಕೂಡತಿತ್ತು. ಜತ್ತಿನ ಸಂತಿಯೊಳಗ ತಗೊಂಡದ್ದು ವಿಜಾಪುರದಾಗ ಹಾಡತಿತ್ತು. ಖಾಲಿ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರ ನಮ್ಮ ಹರದೇಶಿ-ನಾಗೇಶಿ ವಾದ ಬೆಳಗಿನ ತನಕ ತುಂಬಿಕೊಳ್ಳತಿತ್ತು. ದೊಡ್ಡ ರಿಕಾರ್ಡಿನ ಕಾಲದಾಗ ನಮ್ಮಂಥ ತುಂತುಣಿಯವರನ್ನ ಕೇಳವರು ಯಾರು? ಕ್ಯಾಸೆಟ್ಟಿನಿಂದ ಗುಂಡಿ ಮೊದಲ ಸಲ ನಮ್ಮ ಕೈಗೆ ಬಂತು.

ಹಿಂದಿನಿಂದ ಅಂಗಡೀನೂ ಬಂತು. ಒಬ್ಬ ಕಂಪನಿಯವ ನಮ್ಮ ಮೇಳವನ್ನು ಕರಕೊಂಡು ಹೋಗಿ ಎರಡು ದಿನ ಹಾಡಿಸಿದ. ಬಸ್ ಚಾರ್ಜು, ಊಟ, ಆಳಿಗೆ ಒಂದಿಷ್ಟು ರೊಕ್ಕ ಕೊಟ್ಟು ಇಂಗ್ಲಿಷಿನ ಕಾಗದಕ್ಕ ಸಹಿ ಹಾಕಿಸಿಕೊಂಡ. ಕ್ಯಾಸೆಟ್ಟು ಜಾತ್ರಿ ಜಾತ್ರಿಯೊಳಗ ಮಾರಿದವು, ಒಂದು ದಮಡಿ ಮತ್ತ ಬರಲಿಲ್ಲ. ಇರಲಿ, ಹೆಸರು ಬಂತು, ಹೆಸರಿನಿಂದ ಕಾರ್ಯಕ್ರಮ ಬಂದವು. ಆದರ ಈಚೆಗೆ ಮೊಮ್ಮಗ ನಮ್ಮ ಕಟ್ಟಿ ಮ್ಯಾಲ ನಾನು ಹಾಡಿದ ಪದವನ್ನು ಮೊಬೈಲಿನಾಗ ಹಾಕಿದ. ನಾಲ್ಕು ದಿನಕ್ಕ ನೋಟೀಸು ಬಂತು, ಈ ಹಾಡಿನ ಹಕ್ಕು ಇಂಥಾ ಕಂಪನಿದು ಅಂತ. ಆ ಪದ ನನ್ನ ಗುರುವಿನ ಗುರು ಕಟ್ಟಿದ್ದು, ಕಂಪನಿ ಹುಟ್ಟೋಕಿಂತ ಮೊದಲಿನದು. "ಮುತ್ತ್ಯಾ, ನೀ ನಿನ್ನ ಹಾಡು ಕಳವು ಮಾಡೀದಿ" ಅಂತ ಮೊಮ್ಮಗ ನಗತಾನ. ನಗೋ ಮಾತ ಅದು, ಆದರ ನನಗ ನಗು ಬರಲಿಲ್ಲ.

ಹೊಲದಾಗೂ ಇದ ಕಥಿ. ನಾನು ಮೋಟಾರಿಗೆ ಮೊಬೈಲ್ ಸ್ಟಾರ್ಟರು ಹಾಕಿಸೀನಿ. ರಾತ್ರಿ ಎರಡಕ್ಕ ಕರೆಂಟು ಬಂದರ ಹಾಸಿಗಿಯಿಂದಲೇ ಫೋನು ಹಚ್ಚತೀನಿ, ದಾಳಿಂಬರಿಗೆ ನೀರು ಹೋಗತದ. ಹಾವು ಚೇಳಿನ ಅಂಜಿಕಿ ಇಲ್ಲ. ಇದನ್ನ ಕಂಡುಹಿಡಿದವರ ಹೊಟ್ಟಿ ತಣ್ಣಗಿರಲಿ. ಆದರ ಆ ಡಬ್ಬಿಯೊಳಗೂ ಒಂದು ಸಿಮ್ ಐತಿ, ಅದಕ್ಕೂ ರೀಚಾರ್ಜು. ಬಾವಿ ನಂದು, ನೀರು ನಂದು, ಮೋಟಾರು ನಂದು, ರೀಚಾರ್ಜು ಮುಗಿದರ ಮತ್ತ ಬ್ಯಾಟ್ರಿ ಹಿಡಕೊಂಡು ನಾನೇ ಹೋಗಬೇಕು. ಅಮೆರಿಕಾದಾಗ ಟ್ರ್ಯಾಕ್ಟರಿನಾಗ ಕಂಪ್ಯೂಟರು ಕೂಡಿಸಿ, ಕೆಟ್ಟರ ಕಂಪನಿಯವರೇ ಬಂದು ತಗೀಬೇಕು ಅನ್ನೋಹಂಗ ಆಗಿತ್ತಂತ. ರೈತರು ಜಗಳಾಡಿ ಕೊಲರಾಡೋ ರಾಜ್ಯದಾಗ 2023ರಾಗ ಕಾಯದೆ ಮಾಡಿಸಿದರು, ನಮ್ಮ ಯಂತ್ರ ನಾವು ರಿಪೇರಿ ಮಾಡಿಕೊಳ್ಳೋ ಹಕ್ಕು ನಮಗ ಬೇಕು ಅಂತ. ಪಾನಾ ಹಿಡಿಯೋ ಕೈಗೆ ಕಾಯದೆ ಬೇಕಾದ ಕಾಲ ಇದು.

ಈಗ ಹೊಸದು ಎಐ. ನಾಲ್ಕು ಮಾತು ಹೇಳಿದರ ಹಾಡು ಕಟ್ಟಿ ತಾನೇ ಹಾಡತದ. ಮೊಮ್ಮಗ ಕೇಳಿಸಿದ. ತಾಳ ತಪ್ಪಲಿಲ್ಲ, ಧ್ವನೀನೂ ಚಲೋ. ಆದರ ನಾಗೇಶಿಯವರು ಎದುರಿಗೆ ನಿಂತು ಸವಾಲು ಹಾಕಿದಾಗ ಕುಂತ ಮಂದಿ ಮುಖ ನೋಡಿ ಉತ್ತರ ತಿರುವೋದೈತಲ್ಲ, ಅದು ಅದಕ್ಕ ಬರತದೋ ಇಲ್ಲೋ ನೋಡಬೇಕು. ಬಂದರೂ ನನಗ ಹೊಟ್ಟಿಕಿಚ್ಚಿಲ್ಲ, ಒಂದು ರಾತ್ರಿ ಎದುರಿಗೆ ಹಾಡಲಿಕ್ಕೆ ತಯಾರದೀನಿ. ನನ್ನ ಪ್ರಶ್ನೆ ಬ್ಯಾರೆ. ಅದು ಕಲಿತದ್ದು ಜನರ ಹಾಡು ಕೇಳಿ. ನಾಳೆ ಅದು ಹಾಡಿದ್ದಕ್ಕೂ ನನಗ ನೋಟೀಸು ಬರತದೇನು?

ನಮ್ಮ ಅವ್ವ ಬೀಸುಕಲ್ಲಿನ ಮುಂದ ಎಷ್ಟು ಹಾಡತಿದ್ದಳು. ಗಿರಣಿ ಬಂತು, ಆ ಹಾಡು ಹೋದವು. ಆದರ ಅವ್ವನ ರಟ್ಟಿ ಉಳಿದವು. ಗಿರಣಿ ಬರಬಾರದಿತ್ತು ಅನ್ನೋರು ಒಂದು ವಾರ ಬೀಸಿ ಆಮ್ಯಾಲ ಮಾತಾಡಲಿ. ರಾಶಿ ಮಶೀನು ಬಂದು ಹಂತಿ ಹಾಡೂ ಹೋದವು. ಅದಕ್ಕ ನಾನು ಮೊಮ್ಮಗನ ಹಳೇ ಫೋನು ತಗೊಂಡು ಊರೂರು ಮುದುಕರ ಕಡೆ ಹೋಗಿ ಹಾಡು ತುಂಬಿಕೊಂಡು ಬರತೀನಿ. ಹಾಡಿದವರ ಹೆಸರು, ಊರು, ತಾರೀಖು ಮೊದಲು ಅವರ ಬಾಯಿಲೆ ಹೇಳಸತೀನಿ, ಮುಂದ ಯಾರಾದರೂ ಹಕ್ಕು ಹೇಳಿಕೊಂಡು ಬಂದರ ಸಾಕ್ಷಿ ಇರಲಿ ಅಂತ. ಮೂರು ಮೆಮರಿ ಕಾರ್ಡಿಗೆ ಇಳಿಸಿ ಒಂದು ಮನಿಯಾಗ, ಒಂದು ಸಾಲಿಯಾಗ, ಒಂದು ಈ ವಾಚನಾಲಯದ ಕಪಾಟಿನಾಗ ಇಟ್ಟೀವಿ. ಕಾರ್ಡು ಕೆಡೋ ವಸ್ತು, ಆದ್ದರಿಂದ ಯುಗಾದಿಗೊಮ್ಮೆ ಹೊಸ ಕಾರ್ಡಿಗೆ ಹಾಕತೀವಿ. ಕೇಳೋರು ಫೋನು ತಂದರ ತುಂಬಿಕೊಡತೀವಿ, ರೊಕ್ಕ ಇಲ್ಲ, ಸಹೀನೂ ಇಲ್ಲ. ಸುಗ್ಗಿ ಮುಗಿದ ಮ್ಯಾಲ ಹಂತಿ ಪದ ಬಲ್ಲ ಇಬ್ಬರು ಮುತ್ತ್ಯಾಗಳ ಕಡೆ ಹೋಗೋದೈತಿ. ಒಬ್ಬರಿಗೆ ಕಿವಿ ಕೇಳಂಗಿಲ್ಲ, ಇನ್ನೊಬ್ಬರು ನಿಂತು ಸೊಲ್ಲು ಹಿಡಿದರನ ಅವರಿಗೆ ನೆನಪಾಗತದಂತ. ಇಬ್ಬರನ್ನೂ ಒಂದೇ ಕಣಕ್ಕ ಕೂಡಿಸಬೇಕು.