ಹಿಡಿಕೆಯ ಅಳತೆ

2024ರ ಜುಲೈ ತಿಂಗಳಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಕಂಚಿನ ಪದಕ ಗೆದ್ದಾಗ, ಗಂಗಾವತಿಯ ಅಕ್ಕಿ ಗಿರಣಿಯೊಂದರ ಗುಮಾಸ್ತರ ಮಗಳು ತನಗೂ ಏರ್ ಪಿಸ್ತೂಲು ಬೇಕೆಂದು ಹಟ ಹಿಡಿದಳು. ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲು ತೆಗೆಯುವುದೆಂದು ತೀರ್ಮಾನವಾಯಿತು. ತಾಯಿ ಎರಡು ದಿನ ಮಾತನಾಡಲಿಲ್ಲ.

ಹೊಸ ಮೊರಿನಿ, ಸ್ಟೈಯರ್‌ಗಳ ಬೆಲೆ ಕೇಳಿ ತಂದೆ ಸುಮ್ಮನೆ ಕನ್ನಡಕ ಒರೆಸಿಕೊಂಡರು. ಬೆಂಗಳೂರಿನಲ್ಲಿ ಬಳಸಿದ್ದೊಂದು ಅರ್ಧ ಬೆಲೆಗೆ ದೊರೆಯುವಂತಿತ್ತು.

“ಅಪ್ಪಾಜಿ, ಹಿಡಿಕಿ ನನ್ನ ಕೈಗೆ ದೊಡ್ಡದಾತು.”

“ಬಡಿಗ್ಯಾನ ಕಡೆ ಕೆತ್ತಿಸಿದ್ರಾತು, ಬಿಡವ್ವಾ.”

ಮರದ ಹಿಡಿಕೆಯನ್ನು ಕೆತ್ತಿಸಬಹುದು, ನಿಜ. ಕೈಗೆ ಕೂಡದಿದ್ದರೆ ಮಣಿಕಟ್ಟು ತಿರುಚುತ್ತದೆ. 10 ಮೀಟರು ದೂರದಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರು, ಅಂಗಿಯ ಗುಂಡಿಯಷ್ಟು! ಆದರೆ ಗುಮಾಸ್ತರ ಕಣ್ಣು ಗಾಳಿಯ ಸಿಲಿಂಡರಿನ ಮೇಲೆ ಕೆತ್ತಿದ್ದ ದಿನಾಂಕದ ಮೇಲೆ ಬಿದ್ದಿತ್ತು. ಅದರ ಅವಧಿ ಮುಗಿದಿತ್ತು. ಅಂಥದನ್ನು ಸ್ಪರ್ಧೆಯಲ್ಲಿ ಬಳಸುವಂತಿಲ್ಲ.

ಕೊನೆಗೆ ಕೊಂಡದ್ದು ಸಿಲಿಂಡರೇ ಇಲ್ಲದ, ಸನ್ನೆ ಎಳೆದು ಗಾಳಿ ತುಂಬುವ ಪಿಸ್ತೂಲು. ಗಂಗಾವತಿಯಲ್ಲಿ ಸಿಲಿಂಡರು ತುಂಬಿಸುವ ಚಿಂತೆಯೂ ತಪ್ಪಿತು. 75 ನಿಮಿಷದಲ್ಲಿ 60 ಗುಂಡುಗಳೆಂದರೆ 60 ಬಾರಿ ಎಳೆಯಬೇಕು, ಅಷ್ಟೆ. ಪಾದದ ಕೀಲು ಮುಚ್ಚದ ಹಳೆಯ ಕ್ಯಾನ್‌ವಾಸ್ ಬೂಟುಗಳು ಸಾಕಾದವು. ಒಂದು ಕಣ್ಣಿಗೆ ಮರೆಯಾಗಿ ಯಾರದೋ ಲಗ್ನಪತ್ರಿಕೆಯ ರಟ್ಟನ್ನು ಕತ್ತರಿಸಿಕೊಂಡದ್ದಾಯಿತು. ಅದರ ಅಗಲ 30 ಮಿಲಿಮೀಟರು ಮೀರಬಾರದು.

ಈಗ ಸಂಜೆ ಗುಂಡಿಲ್ಲದ ಪಿಸ್ತೂಲು ಹಿಡಿದು ಬರಿ ಗೋಡೆಗೆ ಗುರಿಯಿಡುವ ಅಭ್ಯಾಸ. ಮೂರನೆಯ ದಿನ ಅಡಿಗೆಮನೆಯಿಂದ ಧ್ವನಿ ಬಂತು:

“ತೋಳು ನೋಯ್ತಾವೇನವ್ವಾ? ಎಣ್ಣಿ ಕಾಸಿ ಕೊಡ್ಲ್ಯಾ?”