ಮಾವನವರ ಹಿಂದಿನ ಕಲ್ಲುಗೋಪುರ

ಹಳೆಯ ಫೋಟೋಗಳಲ್ಲಿ ಮನುಷ್ಯರನ್ನು ಗುರುತಿಸುವವರು ಮನೆಯಲ್ಲಿ ಯಾರಾದರೂ ಸಿಗುತ್ತಾರೆ. ಅವರ ಬೆನ್ನ ಹಿಂದಿನ ಕಲ್ಲನ್ನು ಗುರುತಿಸುವವರು ಸಿಗುವುದಿಲ್ಲ. ನಮ್ಮ ಮಾವನವರು 1964ರಲ್ಲಿ ಒಂದು ವರ್ಷ ಕಾರ್ಖಾನೆಯ ತರಬೇತಿಗೆಂದು ಜರ್ಮನಿಗೆ ಹೋಗಿದ್ದರು. ಅಲ್ಲಿಂದ ತಂದ ಒಂದೇ ಒಂದು ಫೋಟೋದಲ್ಲಿ ಉದ್ದನೆಯ ಕೋಟು ತೊಟ್ಟು, ದಪ್ಪನೆಯ ಕಲ್ಲುಗೋಪುರದ ಮುಂದೆ ನಿಂತಿದ್ದಾರೆ. ಹಿಂಬದಿಯಲ್ಲಿ ಊರಿನ ಹೆಸರಿಲ್ಲ, ತಾರೀಖೂ ಇಲ್ಲ.

ಮಾವನವರು ಈಗಿಲ್ಲ. ಅತ್ತೆಯವರಿಗೆ ಎಂಬತ್ತು ದಾಟಿದೆ. ಆ ವರ್ಷ ಅವರು ಕೈಗೂಸಿನೊಂದಿಗೆ ತವರಿನಲ್ಲಿದ್ದರಂತೆ. "ನನ್ನ ಸಂಸಾರದಲ್ಲಿ ಆ ಒಂದು ವರ್ಷದ ಲೆಕ್ಕವೇ ಸಿಕ್ಕಿಲ್ಲ ಕಣಮ್ಮ. ಅದು ಯಾವ ಜಾಗ ಅಂತಲಾದ್ರೂ ಕಣ್ಣು ಕಾಣೋವಾಗಲೇ ತಿಳ್ಕೋಬೇಕು" ಎಂದರು.

ಕೋಟೆ ಎಂದರು ಒಬ್ಬರು, ಚಿಮಣಿ ಎಂದರು ಇನ್ನೊಬ್ಬರು. ನಾನು ಭೂತಗನ್ನಡಿ ಹಿಡಿದು ಕೂತೆ. ಚೌಕದ ಗೋಪುರ, ನಾಲ್ಕು ಮೂಲೆಗೂ ಗೋಡೆಗೆ ಅಂಟಿದ ದುಂಡು ಕಂಬ. ಈ ಗುರುತು ಹಿಡಿದು ಹುಡುಕಿದಾಗ ಗೊತ್ತಾಯಿತು, ಅದು ಬಿಸ್ಮಾರ್ಕ್ ಗೋಪುರ!

1871ರಲ್ಲಿ ಜರ್ಮನಿಯ ಸಂಸ್ಥಾನಗಳು ಒಂದೇ ಸಾಮ್ರಾಜ್ಯವಾದಾಗ ಅದರ ಮೊದಲ ಚಾನ್ಸಲರ್ ಆದವರು ಬಿಸ್ಮಾರ್ಕ್. 1898ರಲ್ಲಿ ಅವರು ತೀರಿಕೊಂಡ ಮೇಲೆ, ಅಲ್ಲಿನ ವಿದ್ಯಾರ್ಥಿಗಳು ಊರೂರಿನ ಗುಡ್ಡದ ಮೇಲೆ ಸ್ಮಾರಕ ಕಟ್ಟಿ, ಒಂದೇ ರಾತ್ರಿ ಎಲ್ಲದರ ನೆತ್ತಿಯಲ್ಲೂ ಬೆಂಕಿ ಹೊತ್ತಿಸಬೇಕೆಂದು ಆಸೆಪಟ್ಟರು. 1899ರ ಸ್ಪರ್ಧೆಯಲ್ಲಿ ಗೆದ್ದದ್ದು ವಿಲ್ಹೆಲ್ಮ್ ಕ್ರೈಸ್ ಎಂಬ ವಾಸ್ತುಶಿಲ್ಪಿಯ ನಕ್ಷೆ. ಎಲ್ಲ ಬಗೆಯವೂ ಸೇರಿ ಸುಮಾರು 240 ಗೋಪುರಗಳು ಎದ್ದವು. ಅವುಗಳಲ್ಲಿ ಕ್ರೈಸ್ ನಕ್ಷೆಯವೇ 47, ಒಂದೇ ಒರಳಿನಲ್ಲಿ ಒತ್ತಿದ ಚಕ್ಕುಲಿಯ ಹಾಗೆ! ನಮ್ಮದು ಯಾವುದು?

ಅತ್ತೆಯವರ ಟ್ರಂಕಿನ ತಳದಲ್ಲಿದ್ದ ಕಾಗದವೊಂದು ದಾರಿ ತೋರಿಸಿತು. ಸ್ಟುಟ್‌ಗಾರ್ಟಿನಲ್ಲಿ ಭಾನುವಾರ ಗೆಳೆಯರೊಡನೆ ಗುಡ್ಡ ಹತ್ತಿದೆವು ಎಂದು ಮಾವನವರು ಬರೆದಿದ್ದರು. ಆ ಊರಿನ ಗುಡ್ಡದ ಮೇಲೆ ಕ್ರೈಸ್ ನಕ್ಷೆಯ ಗೋಪುರವಿದೆ; 1904ರಲ್ಲಿ ಕಟ್ಟಿದ್ದು, ಎತ್ತರ 20 ಮೀಟರ್. ಜರ್ಮನಿಯಲ್ಲಿ ಓದುತ್ತಿರುವ ನಾದಿನಿಯ ಮಗಳು ಅಲ್ಲಿಗೇ ಹೋಗಿ, ಅದೇ ಕೋನದಿಂದ ಫೋಟೋ ತೆಗೆದು ಕಳಿಸಿದಳು. ನಕ್ಷೆ ಒಂದೇ ಆದರೂ ಕಲ್ಲುಗಳ ಅಳತೆ ಒಂದೇ ಇರುವುದಿಲ್ಲವಲ್ಲ! ಎರಡು ಫೋಟೋಗಳನ್ನೂ ಪಕ್ಕಪಕ್ಕ ಇಟ್ಟು ಸಂದುಗಳನ್ನು ಒಂದೊಂದಾಗಿ ಹೋಲಿಸಿದೆವು. ಮಾವನವರ ಭುಜದ ಪಕ್ಕದ ಸಣ್ಣ ಕಲ್ಲಿನವರೆಗೂ ತಾಳೆಯಾಯಿತು.

ಅತ್ತೆಯವರು ಹೊಸ ಫೋಟೋದಲ್ಲಿ ಅವರಿಲ್ಲದ ಆ ಜಾಗವನ್ನು ಬೆರಳಿನಿಂದ ಸವರಿದರು. "ಅಲ್ಲಿಂದ ಊರೆಲ್ಲ ಕಾಣತ್ತಾ?" ಎಂದು ಕೇಳಿದರು. ಕಾಣುತ್ತದೆ ಎಂದೆ. "ಹಾಗಾದ್ರೆ ಒಳ್ಳೆ ಜಾಗಕ್ಕೇ ಹೋಗಿದ್ರು ಬಿಡು" ಎಂದು ನಕ್ಕರು.

ದೇಶವೇ ನೆನೆಯಲೆಂದು ಎತ್ತಿದ ಕಲ್ಲು ಯಾವುದೆಂದು ತಿಳಿಯಲು ಕೊನೆಗೆ ಬೇಕಾದದ್ದು ಗಂಡ ಹೆಂಡತಿಗೆ ಬರೆದ ಒಂದು ಸಾಲು. ಆದ್ದರಿಂದ ಸೋದರಿಯರೇ, ಈ ಭಾನುವಾರ ನಿಮ್ಮ ಆಲ್ಬಂ ತೆಗೆಯಿರಿ. ಪ್ರತಿ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಊರು, ವರ್ಷ, ಹೆಸರು ಬರೆದಿಡಿ. ಹೇಳುವವರು ಮನೆಯಲ್ಲಿರುವಾಗಲೇ ಕೇಳಿ ಬರೆದಿಡಿ.