ನೀಲಗುಂದದ ಹಾದಿಯಲ್ಲಿ ಭೀಮನ ಹೆಣ್ಣುಮಕ್ಕಳು

ಹರಪನಹಳ್ಳಿಗೆ ಬಂದ ಪ್ರವಾಸಿಗರು ಬಾಗಳಿಯ ಕಲ್ಲೇಶ್ವರನನ್ನೋ ಉಚ್ಚಂಗಿದುರ್ಗವನ್ನೋ ನೋಡಿ ಹಿಂದಿರುಗುವುದುಂಟು. ಅದೇ ತಾಲ್ಲೂಕಿನ ನೀಲಗುಂದ ಪಟ್ಟಿಯ ಕೊನೆಗೆ ಉಳಿದುಬಿಡುತ್ತದೆ. ಊರಿನ ವಿಳಾಸವೂ ಒಂದೆಡೆ ನಿಂತದ್ದಲ್ಲ: ಬಳ್ಳಾರಿ ಜಿಲ್ಲೆಯಿಂದ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಕದಲದೆ ಇರುವುದು ಭೀಮೇಶ್ವರನ ಗುಡಿ.

ಕಲ್ಯಾಣ ಚಾಲುಕ್ಯರ ಕಾಲದ, ಬಳಪದ ಕಲ್ಲಿನ ಗುಡಿಯಿದು. ಉಳಿಗೆ ಸುಲಭವಾಗಿ ಬಗ್ಗುವ ಕಲ್ಲಾದ್ದರಿಂದ ಶಿಲ್ಪಿಗೆ ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಶಾಲಾ ಪ್ರವಾಸದ ಅವಸರದಲ್ಲಿ ಒಂದು ಸುತ್ತು ಹಾಕಿದವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ.

ಭೀಮನ ಹೆಸರು ಈ ಸೀಮೆಯಲ್ಲಿ ಇನ್ನೊಂದು ಕಡೆಯೂ ಸಿಗುತ್ತದೆ. ಹರಪನಹಳ್ಳಿ ಭೀಮವ್ವ (1823–1903) ‘ಭೀಮೇಶಕೃಷ್ಣ’ ಅಂಕಿತದಲ್ಲಿ ಹಾಡು ಕಟ್ಟಿದಾಕೆ. ಹೆಸರು ಕೂಡಿತೆಂದು ಗುಡಿಗೂ ಅಂಕಿತಕ್ಕೂ ನಂಟು ಕಟ್ಟಬೇಕಿಲ್ಲ. ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಹರಪನಹಳ್ಳಿ ಸೇರಿದ ಭೀಮವ್ವ ಮುಂದೆ ವಿಧವೆಯಾದಳು. ಆಕೆಯ ನೀಳ್ಗತೆಯ ಹಾಡುಗಳಲ್ಲಿ ನಳಚರಿತ್ರೆಯೂ ಒಂದು. ಅದರ ನಾಯಕಿ ದಮಯಂತಿ, ವಿದರ್ಭದ ಭೀಮರಾಜನ ಮಗಳು! ನಳನ ವೇಷದಲ್ಲಿ ಸಾಲಾಗಿ ನಿಂತ ನಾಲ್ವರು ದೇವತೆಗಳನ್ನು ಬಿಟ್ಟು ಮನುಷ್ಯನ ಕೊರಳಿಗೇ ಮಾಲೆ ಹಾಕಿದವಳು. ಕಳೆದುಹೋದ ಗಂಡನನ್ನು ಕರೆತರಲು ಎರಡನೆಯ ಸ್ವಯಂವರದ ಸುದ್ದಿ ಹಬ್ಬಿಸಿದವಳೂ ಅವಳೇ. ವರನನ್ನು ಹಿರಿಯರೇ ಗೊತ್ತುಮಾಡುತ್ತಿದ್ದ ಕಾಲದಲ್ಲಿ ಮನೆಯೊಳಗಿನ ಹೆಣ್ಣೊಬ್ಬಳು ಹಾಡಿಗೆ ಆರಿಸಿಕೊಂಡದ್ದು ಈ ಕಥೆಯನ್ನು.

ಅಂಥ ಹುಡುಗಿ ಪುರಾಣದಿಂದಿಳಿದು ಕಾದಂಬರಿಗೆ ಬರಲು 1899 ಆಗಬೇಕಾಯಿತು. ಆ ವರ್ಷ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಅದಕ್ಕೆ ಹೆಸರು. ಕಥೆ ನಡೆಯುವ ಊರು ಕಮಲಾಪುರ (ಹಂಪಿಯ ಪಕ್ಕದ್ದಲ್ಲ, ಲೇಖಕರು ಕಲ್ಪಿಸಿದ್ದು). ನಾಯಕಿಯ ತಂದೆ, ಇಲ್ಲಿಯೂ, ಭೀಮರಾಯ! ಬಾಲವಿಧವೆ ಇಂದಿರೆಯನ್ನು ಹೆತ್ತವರು ಕಪಟ ಸಂತರ ಸೇವೆಗೆ ಒಡ್ಡುತ್ತಾರೆ. ಅವಳು ಮನೆ ಬಿಟ್ಟು ಅಮೃತರಾಯನ ಆಶ್ರಯ ಪಡೆದು, ವಿದ್ಯೆ ಕಲಿತು, ಭಾಸ್ಕರನನ್ನು ಮದುವೆಯಾಗುತ್ತಾಳೆ. ಹೆಣ್ಣಿನ ಮದುವೆಗೆ ಕನಿಷ್ಠ 14 ವರ್ಷ ಎಂದ ಶಾರದಾ ಕಾಯಿದೆ ಬರಲು ಆಗ ಇನ್ನೂ ಮೂವತ್ತು ವರ್ಷವಿತ್ತು.

ಈ ಕಾದಂಬರಿಯ ಮಾತು ಬಂದಾಗ ವಿಧವಾ ವಿವಾಹವನ್ನೇ ಎತ್ತಿ ಹೇಳುತ್ತಾರೆ. ನಿಜವಾದ ಎದೆಗಾರಿಕೆ ಇರುವುದು ಅದಕ್ಕೂ ಮೊದಲು, ಹೊಸಿಲು ದಾಟುವಲ್ಲಿ. ಆಗ ಅವಳ ಮುಂದೆ ವರನಿಲ್ಲ, ಪುಸ್ತಕವೂ ಇಲ್ಲ. ಮಕ್ಕಳೊಡನೆ ಕೂತು ಓದುವ ತಂದೆತಾಯಿಗಳಿಗೆ ಕೊಂಚ ಇರಿಸುಮುರಿಸಾದೀತು. ಹುಡುಗಿಗೆ ಎದುರಾಗಿ ನಿಂತವರು ಪರಕೀಯರಲ್ಲ, ಹೆತ್ತವರೇ.

1903ರಲ್ಲಿ ‘ಇಂದಿರಾಬಾಯಿ’ ಇಂಗ್ಲಿಷಿಗೆ ಹೋಯಿತು. ಭೀಮವ್ವ ತೀರಿಕೊಂಡದ್ದೂ ಅದೇ ವರ್ಷ.